ಮುಚ್ಚಳ ತೆರೆದರೆ ಮಾತಿಲ್ಲದ ಅತ್ತಿಗೆ

ಬೆಳಗಿನ ಏಳು ಗಂಟೆಗೆ ಡೊಂಬಿವಲಿ ಸ್ಟೇಷನ್ನಿನಲ್ಲಿ ನಿಧಾನವಾಗಿ ನಡೆಯುವವರು ಎರಡೇ ಬಗೆಯವರು. ಕಾಲು ಮುರಿದುಕೊಂಡವರು ಮತ್ತು ನನ್ನ ಅತ್ತಿಗೆ! ಉಳಿದವರೆಲ್ಲ ಓಡುತ್ತಾರೆ. ತಡವಾಯಿತೆಂದು ಓಡುವವರು ಕೆಲವರಾದರೆ, ಎಲ್ಲರೂ ಓಡುತ್ತಿದ್ದಾರಲ್ಲ ಎಂದು ಓಡುವವರೇ ಹೆಚ್ಚು. ಶಹಾಡ್‌ನ ಕಾರ್ಖಾನೆಯೊಂದರ ಹಾಜರಿ ಬರೆಯುವ ಟೈಮ್ ಆಫೀಸಿನಿಂದ ನಿವೃತ್ತನಾಗಿ ಎರಡು ವರ್ಷ ಕಳೆದಿದ್ದರೂ, ಕೊತ್ತಂಬರಿ ಸೊಪ್ಪು ತರಲು ಸ್ಟೇಷನ್ ಕಡೆ ಹೋದವನು ನಾನೂ ಸೇತುವೆಯ ಮೇಲೆ ಓಡುತ್ತೇನೆ. ಆಚೆ ಕಡೆ ಇಳಿದ ಮೇಲೆ ಯಾಕೆ ಓಡಿದೆ ಎಂದು ಯೋಚಿಸುತ್ತೇನೆ. ಇಂಥ ಊರಿನಲ್ಲಿ ನನ್ನ ಅಣ್ಣನ ಹೆಂಡತಿ ಮಾತ್ರ ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ, ಮೊಣಕೈಗಳನ್ನು ಮೈಗೆ ಒತ್ತಿಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಪ್ಲಾಟ್‌ಫಾರ್ಮಿಗೆ ಬರುತ್ತಾರೆ. ಹಿಂದಿನಿಂದ ಬಂದವರು ಯಾರೋ ಕಾಯಿಲೆಯವರೆಂದು ಪಾಪ, ದಾರಿ ಬಿಡುತ್ತಾರೆ.

"ಹೀಗೆ ನಡೆದರೆ ಲೋಕಲ್ ಹತ್ತುವುದು ಹೇಗೆ ಅತ್ತಿಗೆ?" ಎಂದು ಒಮ್ಮೆ ಕೇಳಿದೆ.

"ನಾನು ಹತ್ತುವುದೇ ಇಲ್ಲ ಮಾರಾಯ. ಬಾಗಿಲಿನ ಎದುರು ನಿಲ್ತೇನೆ. ಹಿಂದಿನವರು ಹತ್ತಿಸ್ತಾರೆ."

ಇಪ್ಪತ್ತಾರು ವರ್ಷಗಳಿಂದ ಹಿಂದಿನವರು ಅವರನ್ನು ಹತ್ತಿಸುತ್ತಿದ್ದಾರೆ, ಥಾಣೆಯಲ್ಲಿ ಇಳಿಸುತ್ತಿದ್ದಾರೆ. ಅಲ್ಲಿಂದ ಇನ್ನೊಂದು ಗಾಡಿಯಲ್ಲಿ ರಬಾಳೆ. ಅಲ್ಲಿ ಆಪರೇಷನ್ನಿಗೆ ಬೇಕಾದ ಬಟ್ಟೆ, ಟ್ಯೂಬು, ಬ್ಯಾಂಡೇಜು ತಯಾರಿಸುವ ಒಂದು ಕಾರ್ಖಾನೆ ಇದೆ. ಸಾಮಾನನ್ನು ಉಗಿಯಲ್ಲಿ ಬೇಯಿಸಿ ಒಂದೇ ಒಂದು ಕ್ರಿಮಿಯೂ ಉಳಿಯದ ಹಾಗೆ ಮಾಡುತ್ತಾರಂತೆ. ಬೇಯಿಸುವುದು ಯಂತ್ರದ ಕೆಲಸ, ಅದೇನು ಮಹಾ ಎಂಬುದು ಅತ್ತಿಗೆಯ ಅಭಿಪ್ರಾಯ. ಬೆಂದು ಬಂದದ್ದನ್ನು ಪೊಟ್ಟಣಕ್ಕೆ ಹಾಕಿ ಸೀಲು ಒತ್ತುವ ತನಕ ಕೆಡದಂತೆ ಕಾಯುವುದಿದೆಯಲ್ಲ, ಕೆಲಸವೆಂದರೆ ಅದು! ಆ ಪ್ಯಾಕಿಂಗ್ ಹಾಲಿನಲ್ಲಿ ಅತ್ತಿಗೆ ಈಗ ಸೂಪರ್‌ವೈಸರ್. ಅಲ್ಲಿ ಬೇಗ ನಡೆಯಬಾರದು, ನಡೆದರೆ ಮೈಯಿಂದ ಕಣ ಉದುರುತ್ತದೆ. ಕೈ ಸೊಂಟದಿಂದ ಕೆಳಗೆ ಇಳಿಯಬಾರದು. ತೆರೆದ ಸಾಮಾನಿನ ಮೇಲೆ ಬಗ್ಗಬಾರದು, ಅದರ ಮುಂದೆ ಮಾತಾಡಬಾರದು. ಪೌಡರ್ ಇಲ್ಲ, ಕುಂಕುಮ ಇಲ್ಲ, ಬಳೆ ಇಲ್ಲ, ಮುಡಿಗೆ ಹೂವಿಲ್ಲ. ಕರಿಮಣಿ ಸರವೂ ಲಾಕರಿನಲ್ಲಿ. "ದಿನಕ್ಕೆ ಎಂಟು ಗಂಟೆ ನಾನು ಇದ್ದೂ ಇಲ್ಲದವನು" ಎಂದು ಅಣ್ಣ ನೆಂಟರ ಮುಂದೆ ಗೋಳು ತೋಡಿಕೊಳ್ಳುವುದುಂಟು.

ಇಷ್ಟು ಕೇಳಿ ನೀವು ಅತ್ತಿಗೆಯ ಮನೆ ಫಳಫಳ ಹೊಳೆಯುತ್ತದೆಂದು ಭಾವಿಸಿದರೆ ನಿಮ್ಮಂಥ ಮುಗ್ಧರು ಇನ್ನೊಬ್ಬರಿಲ್ಲ. ನಾವು ಒಂದೇ ಕಟ್ಟಡದವರು. ಅವರು ಮೂರನೆಯ ಮಹಡಿ, ನಾನು ಮೊದಲನೆಯದು. ಅವರ ಮನೆಯ ಫ್ಯಾನಿನ ಮೇಲೆ ಬೆರಳಿನಿಂದ ಹೆಸರು ಬರೆಯಬಹುದು, ವಿಳಾಸವನ್ನೂ ಬರೆಯಬಹುದು! ಸ್ಟೇಷನ್ನಿನ ಹೊರಗೆ ನಿಂತು ವಡಾಪಾವ್ ತಿನ್ನುವುದಕ್ಕೂ ಅವರದು ಏನೂ ಅಡ್ಡಿಯಿಲ್ಲ. ನನ್ನ ಹೆಂಡತಿ ಒಮ್ಮೆ ತಡೆಯಲಾರದೆ, "ಫ್ಯಾನ್ ಒಮ್ಮೆ ಒರೆಸಬಾರದಾ ಅಕ್ಕ?" ಎಂದಳು.

"ಕೊಳೆ ಕೊಳೆ ಅಂತ ಹೇಳಿಕೊಂಡೇ ಇದ್ದರೆ ನನ್ನದು ತಕರಾರಿಲ್ಲ ಮಾರಾಯ್ತಿ," ಎಂದರು ಅತ್ತಿಗೆ. "ಫ್ಯಾನಿನ ಮೇಲೆ ಶುದ್ಧ ಅಂತ ಬರೆದುಂಟಾ? ಇಲ್ಲವಲ್ಲ? ಶುದ್ಧ ಅಂತ ಮೇಲೆ ಬರೆದು ಒಳಗೆ ಕೊಳೆ ಇಟ್ಟರೆ, ಆಗ ನಾನು ಬಿಡುವುದಿಲ್ಲ."

ಬಿಡುವುದಿಲ್ಲವೆಂದರೆ ಬಿಡುವುದಿಲ್ಲ. ನಮ್ಮ ಕಟ್ಟಡದ ಕೆಳಗಿನ ಅಂಗಡಿಯವನನ್ನು ಕೇಳಿ ನೋಡಿ. ಹತ್ತು ರೂಪಾಯಿಯ ಬಾಳೆಕಾಯಿ ಚಿಪ್ಸ್ ಕೊಳ್ಳುವ ಮೊದಲು ಅತ್ತಿಗೆ ಪೊಟ್ಟಣವನ್ನು ಬೆಳಕಿಗೆ ಹಿಡಿದು, ಸೀಲಿನ ಉದ್ದಕ್ಕೂ ಹೆಬ್ಬೆರಳು ಎಳೆದು, ಕಿವಿಯ ಹತ್ತಿರ ಒತ್ತಿ ಗಾಳಿ ಸೋರುವ ಸದ್ದು ಕೇಳುತ್ತಾರೆ. ಅನುಮಾನ ಬಂದರೆ ವಾದವಿಲ್ಲ, ವಿವರಣೆಯಿಲ್ಲ, "ರಿಜೆಕ್ಟ್" ಎಂದು ಪಕ್ಕಕ್ಕೆ ಇಡುತ್ತಾರೆ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗುತ್ತಾರೆ. ಅಂಗಡಿಯವನು ಒಂದು ದಿನ ರೇಗಿಯೇಬಿಟ್ಟ. "ಆಂಟೀ, ಚಿಪ್ಸ್ ಲೇನಾ ಹೈ ಯಾ ಎಕ್ಸ್‌ರೇ ನಿಕಾಲ್ನಾ ಹೈ?"

ಅತ್ತಿಗೆ ಒಂದು ಪ್ಲಾಸ್ಟಿಕ್ ಬಕೆಟಿನಲ್ಲಿ ನೀರು ತರಿಸಿ, ಅದಕ್ಕೆ ಬಟ್ಟೆಗೆ ಹಾಕುವ ನೀಲಿ ಸುರಿದು, ತಾವು ಪಕ್ಕಕ್ಕಿಟ್ಟ ಆರು ಪೊಟ್ಟಣಗಳನ್ನೂ ಅದರಲ್ಲಿ ಮುಳುಗಿಸಿದರು. ಐದು ನಿಮಿಷ ಬಿಟ್ಟು ತೆಗೆದರೆ ಆರರಲ್ಲಿ ಐದರೊಳಗೆ ಚಿಪ್ಸ್ ನೀಲಿ! ಮರುದಿನದಿಂದ ಮಾಲು ತಂದುಹಾಕುವವನ ಎದುರಿಗೆ ಅಂಗಡಿಯವನೇ ಪೊಟ್ಟಣ ಕಿವಿಗೆ ಹಿಡಿಯತೊಡಗಿದ. "ಊಪರ್ ವಾಲೀ ಆಂಟೀ ಫೇಲ್ ಕರ್ ದೇಗೀ" ಎಂದು ಹೆದರಿಸತೊಡಗಿದ. ಆ ಮಾಲಿನವನು ಈಗಲೂ ಮೇಲಿನ ಆಂಟಿಯೆಂದರೆ ಯಾವುದೋ ಸರ್ಕಾರಿ ಅಧಿಕಾರಿಯೆಂದೇ ತಿಳಿದಿದ್ದಾನೆ.

ಇನ್ನು ಮಾತಿನ ವಿಷಯ. ಪಾತ್ರೆಯ ಮುಚ್ಚಳ ತೆರೆದಿದ್ದರೆ ಅತ್ತಿಗೆ ಬಾಯಿ ತೆರೆಯುವುದಿಲ್ಲ. ಸಾರು ಬಡಿಸುವಾಗ ಉಪ್ಪು ಬೇಕೇ ಎಂದು ಕೇಳುವುದಿಲ್ಲ, ಹುಬ್ಬು ಎತ್ತುತ್ತಾರೆ. ನಮಗೆಲ್ಲ ಅಭ್ಯಾಸವಾಗಿದೆ. ಒಂದು ಹುಬ್ಬು ಎತ್ತಿದರೆ ಉಪ್ಪು, ಎರಡೂ ಎತ್ತಿದರೆ ತುಪ್ಪ! ಆದರೆ ಅಣ್ಣನ ಮಗಳನ್ನು ನೋಡಲು ಪುಣೆಯಿಂದ ಬಂದ ಧಾರವಾಡದ ಕಡೆಯ ಬೀಗರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅತ್ತಿಗೆ ಉಪ್ಪಿಟ್ಟಿನ ತಟ್ಟೆಗಳನ್ನು ಹಿಡಿದು ಬಂದರು. ಹುಡುಗನ ತಾಯಿ ಸಲುಗೆಯಿಂದ, "ಎಷ್ಟು ವರ್ಷ ಆತ್ರೀ ಡೊಂಬಿವಲಿಗೆ ಬಂದು?" ಎಂದು ಕೇಳಿದರು. ಅತ್ತಿಗೆ ಸುಮ್ಮನೆ ನಕ್ಕರು. "ಊರ ಕಡೆ ಹೋಗ್ತಿರ್ತೀರೇನ್ರಿ?" ಎಂದರು. ಅತ್ತಿಗೆ ತಲೆಯಾಡಿಸಿದರು. ಶಿರಾದ ಡಬ್ಬಿ ತೆರೆದೇ ಇತ್ತು, ಚಹಾದ ಲೋಟಗಳಿಗೆ ಮುಚ್ಚಳವೆಲ್ಲಿದೆ? ಹೀಗೆ ಮುಕ್ಕಾಲು ಗಂಟೆ ಕಳೆಯಿತು. ಅಣ್ಣನ ಮಗಳು ಅಡುಗೆಮನೆಗೆ ಹೋಗಿ, "ಮಮ್ಮೀ, ಕುಛ್ ತೋ ಬೋಲೋ ನಾ!" ಎಂದು ಅತ್ತೇಬಿಡುವುದು ಬಾಕಿ.

ಬೀಗರು ಹೊರಟಾಗ ಆ ತಾಯಿ ನನ್ನನ್ನು ಪಕ್ಕಕ್ಕೆ ಕರೆದರು. "ಪಾಪ, ಅವರಿಗೆ ಮಾತು ಬರಂಗಿಲ್ಲಂತ ಮೊದಲಽ ಹೇಳಬೇಕಿತ್ರಿ. ನಾವೇನ್ ಅಂಥದ್ದೆಲ್ಲಾ ಮನಸ್ಸಿನಾಗ ಇಟ್ಕೊಳ್ಳೂ ಮಂದಿ ಅಲ್ಲ."

ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಎರಡೇ ದಿನದಲ್ಲಿ ಒಪ್ಪಿಗೆಯ ಫೋನು ಬಂತು. ಮಾತಾಡದ ಬೀಗಿತ್ತಿ ಯಾರಿಗೆ ಬೇಡ ಹೇಳಿ! ಮದುವೆಯ ದಿನ ಅಡುಗೆಯವನು ಮೊಸರಿನ ಪಾತ್ರೆಯ ಮೇಲೆ ಬಗ್ಗಿ ಫೋನಿನಲ್ಲಿ ಮಾತಾಡುವುದನ್ನು ಕಂಡು ಅತ್ತಿಗೆ ಮಂಟಪದಿಂದಲೇ ಒಂದು ಕೂಗು ಹಾಕಿದರು ನೋಡಿ, ಪುಣೆಯವರು ಆವತ್ತು ನನ್ನ ಕಡೆ ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. ಅಷ್ಟರಲ್ಲಿ ತಾಳಿ ಕಟ್ಟಿ ಆಗಿತ್ತು.

ಮಗಳು ಪುಣೆಗೆ ಹೋದ ಮರು ವರ್ಷ ಅಣ್ಣನ ಕಿಡ್ನಿಗಳು ಕೈಕೊಟ್ಟವು. ಕಲ್ಯಾಣದ ಉಡುಪಿ ಹೋಟೆಲೊಂದರಲ್ಲಿ ಮೂವತ್ತೈದು ವರ್ಷ ದುಡಿದವನು ಅವನು. ಸಕ್ಕರೆ ಕಾಯಿಲೆ ಮೊದಲಿನಿಂದಲೂ ಇತ್ತು. ಹೋಟೆಲಿನವನಿಗೆ ಪಥ್ಯ ಹೇಳುವವರು ಯಾರು? ಥಾಣೆಯ ಡಾಕ್ಟರು ಎರಡು ದಾರಿ ಹೇಳಿದರು. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಬಂದು ಯಂತ್ರದ ಪಕ್ಕ ನಾಲ್ಕು ಗಂಟೆ ಮಲಗುವುದು ಒಂದು. ಇಲ್ಲವೇ ಹೊಟ್ಟೆಗೆ ಒಂದು ತೆಳು ಟ್ಯೂಬು ಹಾಕಿಸಿಕೊಂಡು, ಮನೆಯಲ್ಲೇ ದಿನಕ್ಕೆ ನಾಲ್ಕು ಸಲ ಅದರಿಂದ ಹಳೆಯ ನೀರು ಇಳಿಸಿ, ಚೀಲದಲ್ಲಿ ಬರುವ ಹೊಸ ಔಷಧಿಯ ನೀರನ್ನು ಹೊಟ್ಟೆಯೊಳಗೆ ಬಿಡುವುದು. ಕಿಡ್ನಿಯ ಕೆಲಸವನ್ನು ಆ ನೀರು ಮಾಡುತ್ತದೆ. ಆದರೆ ಟ್ಯೂಬಿನ ಬಾಯಿಯನ್ನು ಚೀಲಕ್ಕೆ ಸೇರಿಸುವ ಆ ಒಂದು ನಿಮಿಷದಲ್ಲಿ ಬೆರಳೋ ಬಟ್ಟೆಯೋ ತಾಗಿದರೆ ಮುಗಿಯಿತು. ಕ್ರಿಮಿ ಸೀದಾ ಹೊಟ್ಟೆಗೆ ಹೋಗಿ ಜೀವಕ್ಕೇ ಕುತ್ತು.

"ನಿಮ್ಮ ಮನೆ ದೊಡ್ಡದಿದೆಯೇ? ಧೂಳು ಬರುತ್ತದೆಯೇ?" ಎಂದು ಡಾಕ್ಟರು ಅನುಮಾನದಿಂದ ಕೇಳಿದರು.

ಡೊಂಬಿವಲಿಯಲ್ಲಿ ಒಂದು ಬೆಡ್‌ರೂಮಿನ ಮನೆ, ಕೆಳಗೆ ಇಡೀ ವರ್ಷ ರಸ್ತೆ ಅಗೆಯುತ್ತಲೇ ಇರುತ್ತಾರೆ. ನಾನು ಏನಾದರೂ ಹೇಳುವ ಮೊದಲೇ ಅತ್ತಿಗೆ, "ಮನೆಯಲ್ಲೇ ಮಾಡುವ" ಎಂದರು. ಹೇಗೆ, ಏನು ಎಂದು ಒಂದು ಮಾತೂ ಇಲ್ಲ. ಇಪ್ಪತ್ತಾರು ವರ್ಷ ಕಂಡರಿಯದ ರೋಗಿಗಳಿಗಾಗಿ ಪೊಟ್ಟಣ ಕಾದವರು ಈಗ ಗಂಡನನ್ನು ಕಾಯಲು ಹೊರಟರು. ಅಣ್ಣ ನನ್ನ ಕಿವಿಯಲ್ಲಿ, "ನಾನು ಪ್ಯಾಕಿಂಗಿಗೆ ಹೋದೆ ಮಾರಾಯ" ಎಂದ.

ಕಲಿಸಿಕೊಡಲು ಆಸ್ಪತ್ರೆಯಿಂದ ಒಬ್ಬಳು ನರ್ಸ್ ಮನೆಗೆ ಬಂದಳು. ಒಳ್ಳೆಯ ಹುಡುಗಿ. ಕಿಟಕಿ ಮುಚ್ಚಿಸಿ, ಫ್ಯಾನ್ ಆರಿಸಿ, ಮಾಸ್ಕ್ ಹಾಕಿ, ಕೈ ತೊಳೆದು ಚೀಲದ ಹೊದಿಕೆಗೆ ಕೈಹಾಕಿದಳು. ಅಷ್ಟರಲ್ಲಿ ಜಾರಿದ ಕನ್ನಡಕವನ್ನು ಒಂದು ಬೆರಳಿನಿಂದ ಮೇಲೆ ತಳ್ಳಿದಳು.

"ಮೇಡಮ್, ಚಷ್ಮಾ ಛುವಾ," ಎಂದರು ಅತ್ತಿಗೆ. "ಫಿರ್ ಸೇ ಹಾಥ್ ಧೋನಾ ಪಡೇಗಾ."

ತೊಳೆದು ಬಂದಳು. ಈ ಸಲ ಬಾಗಿಲ ಹಿಡಿಕೆ ಮುಟ್ಟಿದಳು. ಮತ್ತೆ ತೊಳೆದಳು. ಮೂರನೆಯ ಸಲ ಎಲ್ಲವೂ ಸರಿಯಾಗಿತ್ತು, ಆದರೆ ಚೀಲದ ಮೇಲೆ ಬಗ್ಗಿ "ಸೀ, ವೆರಿ ಈಸಿ" ಎಂದುಬಿಟ್ಟಳು! ನಾಲ್ಕನೆಯ ಸಲ ಕೈ ತೊಳೆಯುವಾಗ ಅವಳ ಕಣ್ಣಲ್ಲಿ ನೀರಿತ್ತು. ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ಹೇಳಿದಳಂತೆ, ಆ ಮನೆಗೆ ಇನ್ನು ನನ್ನನ್ನು ಕಳಿಸಬೇಡಿ, ಬೇಕಾದರೆ ಆ ಆಂಟಿಯನ್ನೇ ಇಲ್ಲಿಗೆ ಕರೆಸಿ ನಮಗೆಲ್ಲ ಪಾಠ ಹೇಳಿಸಿ ಎಂದು.

ಬೆಡ್‌ರೂಮು ಪ್ಯಾಕಿಂಗ್ ಹಾಲಾಯಿತು. ಮೊದಲ ಬಾರಿಗೆ ಆ ಮನೆಯ ಒಂದು ಫ್ಯಾನಿನ ಧೂಳು ಹೋಯಿತು. ಚೀಲಗಳು ಬರುವ ರಟ್ಟಿನ ಪೆಟ್ಟಿಗೆಗೆ ಒಳಗೆ ಪ್ರವೇಶವಿಲ್ಲ. ರಟ್ಟಿನಿಂದ ನಾರು ಉದುರುತ್ತದೆಯಂತೆ. ಪೆಟ್ಟಿಗೆಗಳು ಮೆಟ್ಟಿಲ ಬಳಿ ಗೋಡೆಯೆತ್ತರ ನಿಂತವು. ಸೊಸೈಟಿಯ ಸೆಕ್ರೆಟರಿ ಜಗಳಕ್ಕೆ ಬಂದ. ಬಂದವನು ಬಾಗಿಲಲ್ಲೇ ನಿಂತು ಒಳಗೆ ಇಣುಕಿದ. ಮೇ ತಿಂಗಳ ಮಧ್ಯಾಹ್ನ ಫ್ಯಾನಿಲ್ಲದೆ, ಕಿಟಕಿಯಿಲ್ಲದೆ, ಮಾಸ್ಕ್ ಹಾಕಿಕೊಂಡು ಮಾತಿಲ್ಲದೆ ಬೆವರುತ್ತಿದ್ದ ನಮ್ಮನ್ನು ಕಂಡು ಜಗಳ ಮರೆತು, "ನಿಂಬೂ ಪಾಣಿ ಪಾಠವೂ ಕಾ?" ಎಂದು ಮರಾಠಿಯಲ್ಲಿ ಕೇಳಿದ. ಕೇಳಿದಂತೆಯೇ ನಿಂಬೆ ಶರಬತ್ತು ಕಳಿಸಿದ, ಪೆಟ್ಟಿಗೆಗಳು ಅಲ್ಲೇ ಉಳಿದವು.

ನಮ್ಮನ್ನು ಎಂದೆನಲ್ಲ, ನಾನು ಅಲ್ಲಿ ಹೇಗೆ? ಬೆಳಗಿನ ಚೀಲ, ರಾತ್ರಿಯ ಚೀಲ ಅತ್ತಿಗೆಯದು. ನಡುವಿನ ಎರಡಕ್ಕೆ, ಅವರು ರಬಾಳೆಯಲ್ಲಿರುವ ಹೊತ್ತಿಗೆ, ನಿವೃತ್ತನಾದ ನಾನೇ ಗತಿ. ಖಾಲಿ ಚೀಲವೊಂದನ್ನು ಕೊಟ್ಟು ನನಗೆ ತರಬೇತಿ ನಡೆಯಿತು. ಇಪ್ಪತ್ತು ಸಲ ಫೇಲ್! ಒಮ್ಮೆ ಸೀನು ಬಂತೆಂದು, ಒಮ್ಮೆ ಗಡಿಯಾರ ನೋಡಿದೆನೆಂದು, ಒಮ್ಮೆ "ನಿನ್ನ ಮನಸ್ಸು ಇಲ್ಲಿರಲಿಲ್ಲ" ಎಂದು. ನನ್ನ ಮದುವೆಯೇ ಒಂದು ಮಾತುಕತೆಯಲ್ಲಿ ಮುಗಿದಿತ್ತು. ಇಪ್ಪತ್ತೊಂದನೆಯ ಸಲ ಪಾಸಾದಾಗ ನನ್ನ ಹೆಂಡತಿ ಪಾಯಸ ಮಾಡಿದಳು.

ಪ್ರತಿಯೊಂದಕ್ಕೂ ರಿಜಿಸ್ಟರ್. ಉದ್ದನೆಯ ಪುಸ್ತಕದಲ್ಲಿ ಸ್ಕೇಲಿನಿಂದ ಗೆರೆ ಎಳೆದು, ಎಷ್ಟು ನೀರು ಒಳಗೆ, ಎಷ್ಟು ಹೊರಗೆ, ಯಾರು ಮಾಡಿದ್ದು, ಷರಾ ಏನು ಎಂದು ಬರೆಯಬೇಕು. ಹೊರಬಂದ ನೀರಿನ ಚೀಲವನ್ನು ಕನ್ನಡ ಪೇಪರಿನ ಮೇಲಿಟ್ಟು ನೋಡಬೇಕು. ಚೀಲದೊಳಗಿಂದ ಅಕ್ಷರ ಓದಲು ಬಂದರೆ ನೀರು ತಿಳಿಯಾಗಿದೆ, ಎಲ್ಲ ಸರಿ. ಮಂಜಾಗಿ ಅಕ್ಷರ ಕಾಣದಿದ್ದರೆ ಕ್ರಿಮಿ ಸೇರಿದೆ, ಆಸ್ಪತ್ರೆಗೆ ಓಡಬೇಕು. ಹೀಗೆ ಎಂಟು ತಿಂಗಳು ಅಣ್ಣನ ಹೊಟ್ಟೆಯ ನೀರಿನ ಮೂಲಕ ನಾನು ಊರಿನ ಸುದ್ದಿಯೆಲ್ಲ ಓದಿದೆ. ಅಣ್ಣನೂ ಓದುತ್ತಿದ್ದ, ಆದರೆ ಅವನು ಪೇಪರಿನಲ್ಲಿ ಶ್ರದ್ಧಾಂಜಲಿಯ ಪುಟ ಬಿಟ್ಟು ಬೇರೇನೂ ಓದುವವನಲ್ಲ. ಈ ಲೇಖನ ಬರೆಯಲು ನನಗೆ ಧೈರ್ಯ ಬಂದದ್ದೇ ಅದರಿಂದ.

ಮಗಳು ಹೋಗಿ, ಕೆಲಸ ಹೋಗಿ, ಈಗ ಹೊಟ್ಟೆಯಲ್ಲಿ ಟ್ಯೂಬಿಟ್ಟುಕೊಂಡು ಕುಳಿತಿದ್ದ ಅಣ್ಣ ತಮಾಷೆ ಮಾಡುತ್ತಿದ್ದ ನಿಜ. ಆದರೆ ಅವನ ತಮಾಷೆ ದಿನದಿನಕ್ಕೆ ಒಣಗುತ್ತಿತ್ತು. ಅತ್ತಿಗೆ ನಸುಕಿನಲ್ಲಿ ಎದ್ದು ಕೈ ತೊಳೆಯುವುದನ್ನು ಕಂಡರೆ ಮುಖ ಆಚೆ ತಿರುಗಿಸುತ್ತಿದ್ದ. "ಅವಳಿಗೆ ಕಂಪನಿಯಲ್ಲೂ ಪೊಟ್ಟಣ, ಮನೆಯಲ್ಲೂ ಪೊಟ್ಟಣ. ನಾನೊಂದು ಭಾರ ಮಾರಾಯ" ಎನ್ನುತ್ತಿದ್ದ. ಅತ್ತಿಗೆಗೂ ಅದು ಕೇಳಿಸುತ್ತಿತ್ತು. ಚೀಲ ತೆರೆದಿರುವಾಗ ಅವರು ಉತ್ತರ ಕೊಡುವ ಹಾಗಿರಲಿಲ್ಲ.

ಆ ಮಂಗಳವಾರದ ಮಧ್ಯಾಹ್ನ ನನ್ನ ಪಾಳಿ. ಟ್ಯೂಬಿನ ಮುಚ್ಚಳ ತೆಗೆದಿದ್ದೆ, ಚೀಲದ ಬಾಯಿ ತೆರೆಯಲು ಅರೆಕ್ಷಣ ಆಚೆ ತಿರುಗಿದೆ. ಟ್ಯೂಬಿನ ತುದಿಯಲ್ಲಿ ಒಂದು ಹನಿ ನಿಂತಿತ್ತು. ಅಣ್ಣ ಹೋಟೆಲಿನವನು ಎಂದೆನಲ್ಲ. ಮೇಜು ಒರೆಸುವುದರಿಂದ ಶುರುಮಾಡಿ ಮ್ಯಾನೇಜರಾದವನು. ಎಲ್ಲೇ ಒಂದು ಹನಿ ಕಂಡರೂ ಅವನ ಕೈ ಅವನನ್ನು ಕೇಳದೆ ಒರೆಸಿಬಿಡುತ್ತದೆ. ನೆಂಟರ ಮನೆಯಲ್ಲಿ ಊಟಕ್ಕೆ ಕೂತರೆ ಅವರ ಮೇಜನ್ನೂ ಒರೆಸುತ್ತಾನೆ. ಆವತ್ತೂ ಆ ಕೈ ಪಂಚೆಯ ಅಂಚು ಹಿಡಿದು ಟ್ಯೂಬಿನ ತುದಿಯನ್ನು ಥಟ್ಟನೆ ಒರೆಸಿತು. ನಾನು ಕಣ್ಣಾರೆ ಕಂಡೆ. ಅವನಿಗೆ ಒರೆಸಿದ್ದೇ ಗೊತ್ತಿಲ್ಲ, ಗೋಡೆಯ ಕ್ಯಾಲೆಂಡರ್ ನೋಡುತ್ತ ಕುಳಿತಿದ್ದ.

ನಿಯಮ ನನಗೆ ಬಾಯಿಪಾಠ. ಅಲ್ಲಿಗೆ ನಿಲ್ಲಿಸಬೇಕು, ಟ್ಯೂಬು ಬಿಗಿದು ಆಸ್ಪತ್ರೆಗೆ ಫೋನ್ ಮಾಡಬೇಕು. ಆದರೆ ಒಂದು ಹನಿ, ಒಂದು ಕ್ಷಣ, ಒಗೆದ ಪಂಚೆ! ಇಷ್ಟಕ್ಕೆ ಥಾಣೆಗೆ ಹೋಗಬೇಕೇ? ಅತ್ತಿಗೆಗೆ ಗೊತ್ತಾದರೆ ನನ್ನನ್ನು ಮತ್ತೆ ಖಾಲಿ ಚೀಲಕ್ಕೆ ಕೂರಿಸುವುದು ಖಂಡಿತ. ಅರವತ್ತು ದಾಟಿದ ಮೇಲೆ ಮತ್ತೆ ಫೇಲಾಗಲು ಯಾರಿಗೆ ಇಷ್ಟ? ಚೀಲ ಸೇರಿಸಿದೆ, ನೀರು ಬಿಟ್ಟೆ. ರಿಜಿಸ್ಟರಿನ ಷರಾದಲ್ಲಿ "ಸರಿ" ಎಂದು ಬರೆದೆ.

ಗುರುವಾರ ಬೆಳಿಗ್ಗೆ ಅತ್ತಿಗೆ ಹೊರಬಂದ ಚೀಲವನ್ನು ಪೇಪರಿನ ಮೇಲಿಟ್ಟರು. ಅಕ್ಷರ ಕಾಣಲಿಲ್ಲ.

ಅಣ್ಣನಿಗೆ ಚಳಿಜ್ವರ, ಹೊಟ್ಟೆನೋವು. ಆಸ್ಪತ್ರೆಯಲ್ಲಿ ಚೀಲದೊಳಗೇ ಔಷಧಿ ಸೇರಿಸಿ ಹಾಕತೊಡಗಿದರು. ಎರಡು ದಿನ ಡಾಕ್ಟರೂ ಏನೂ ಹೇಳಲಿಲ್ಲ. ಮೂರನೆಯ ದಿನ ಜ್ವರ ಇಳಿಯಿತು, ನೀರು ತಿಳಿಯಾಗುತ್ತ ಬಂತು. ಆದರೆ ಅಣ್ಣನ ಮುಖ ತಿಳಿಯಾಗಲಿಲ್ಲ. ನನ್ನ ಕೈ ಹಿಡಿದು, "ಸಾಕು ಮಾರಾಯ. ಈ ಟ್ಯೂಬು ತೆಗೆಸಿಬಿಡು. ಮೆಷಿನ್ನೂ ಬೇಡ, ಚೀಲವೂ ಬೇಡ. ಅವಳನ್ನು ಇನ್ನೆಷ್ಟು ದಣಿಸುವುದು?" ಎಂದ. ತಮಾಷೆಯಲ್ಲ. ಎರಡೂ ಬೇಡವೆಂದರೆ ಏನರ್ಥವೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಊಟದ ತಟ್ಟೆಯನ್ನು ದೂರ ತಳ್ಳಿದ.

ಬಟ್ಟೆ ಒಯ್ಯಲು ಅತ್ತಿಗೆ ಮನೆಗೆ ಬಂದಾಗ ನಾನು ಮೇಲೆ ಹೋದೆ. ಬೈಸಿಕೊಳ್ಳಬೇಕೆಂದೇ ಹೋದೆ. ಅತ್ತಿಗೆ ಬಚ್ಚಲಿನ ಮುಂದೆ ಸ್ಟೂಲಿನ ಮೇಲೆ ಕುಳಿತಿದ್ದರು. ತೊಡೆಯ ಮೇಲೆ ಅಣ್ಣನ ಬಿಳಿ ಪಂಚೆ. ಅಂಚಿನಲ್ಲಿ ಉಗುರಿನಗಲದ ಕಂದು ಕಲೆ. ಟ್ಯೂಬಿನ ಮುಚ್ಚಳದೊಳಗೆ ಇರುವ ಔಷಧಿಯ ಬಣ್ಣ ಅದು. ಟ್ಯೂಬಿನ ತುದಿಗೆ ತಾಗದೆ ಆ ಕಲೆ ಪಂಚೆಗೆ ಬರುವ ದಾರಿಯೇ ಇಲ್ಲ.

"ಅತ್ತಿಗೆ, ಮಂಗಳವಾರ ಮಧ್ಯಾಹ್ನ..." ಎಂದು ನಾನು ಬಾಯಿ ತೆರೆದೆ.

"ಗೊತ್ತುಂಟು," ಎಂದರು. "ಇವರು ಒರೆಸಿದರು. ನೀನು ನೋಡಿದೆ. ನೋಡಿಯೂ ಸರಿ ಅಂತ ಬರೆದೆ."

ನಾನು ತಲೆ ತಗ್ಗಿಸಿದೆ.

"ಅದಕ್ಕೆ ನಿನಗೆ ಬಯ್ಯಲಿಕ್ಕೆ ಉಂಟು. ಈಗಲ್ಲ, ಇವರು ಮನೆಗೆ ಬಂದ ಮೇಲೆ. ಈಗ ಹೇಳು, ಒರೆಸಿದ್ದು ಇವರಿಗೆ ನೆನಪುಂಟಾ?"

"ಇಲ್ಲ ಅತ್ತಿಗೆ. ಕೈ ತಾನಾಗಿ ಹೋಯ್ತು. ಅವನು ಕ್ಯಾಲೆಂಡರ್ ನೋಡ್ತಿದ್ದ."

"ಹಾಗಾದರೆ ನೆನಪು ಮಾಡುವುದು ಬೇಡ. ಮೊದಲೇ ತಾನು ಭಾರ ಅಂತಾರೆ. ಇದೂ ತನ್ನಿಂದಲೇ ಆದದ್ದು ಅಂತ ಗೊತ್ತಾದರೆ ಮತ್ತೆ ಆ ಮನುಷ್ಯನನ್ನು ಎಬ್ಬಿಸಲಿಕ್ಕೆ ನನ್ನಿಂದಾಗುವುದಿಲ್ಲ."

ಎದ್ದು ಹೋಗಿ ಪಂಚೆಯನ್ನು ನೀರಿಗೆ ಹಾಕಿದರು. ಕೈ ಒರೆಸಿಕೊಂಡು ರಿಜಿಸ್ಟರ್ ತೆರೆದರು. ಕಾರಣ ಬರೆಯುವ ಜಾಗದಲ್ಲಿ, ಸ್ಕೇಲಿನ ಗೆರೆಯ ಮೇಲೆ, ದುಂಡಗಿನ ಅಕ್ಷರದಲ್ಲಿ ಬರೆದರು: "ಬೆಳಗಿನ ಚೀಲ ಹಾಕುವಾಗ ನನ್ನ ಬೆರಳು ತಾಗಿದ್ದು. ತಪ್ಪು ನನ್ನದು." ಕೆಳಗೆ ಸಹಿ. ಇಪ್ಪತ್ತಾರು ವರ್ಷದಲ್ಲಿ ಪುಸ್ತಕದಲ್ಲಿ ಒಂದು ಅಕ್ಷರ ಸುಳ್ಳು ಬರೆಯದವರು. ಬರೆದು ಪೆನ್ನು ಮುಚ್ಚಿಟ್ಟರು. ನನಗೆ ಮಾತ್ರ ಅಳು ತಡೆಯಲಾಗಲಿಲ್ಲ, ಅಡುಗೆಮನೆಗೆ ಹೋಗಿ ನೀರು ಕುಡಿದೆ.

ಆಸ್ಪತ್ರೆಯಲ್ಲಿ ಅತ್ತಿಗೆ ಮಂಚದ ಪಕ್ಕ ನಿಂತು, "ಕೇಳಿ, ನನ್ನಿಂದ ತಪ್ಪಾಯ್ತು. ಬೆರಳು ತಾಗಿತು" ಎಂದರು. ಅಣ್ಣ ಮೊದಲು ನಂಬಲಿಲ್ಲ. "ಯಾರ ಬೆರಳು? ನಿನ್ನದಾ?" ಎಂದು ಎರಡು ಸಲ ಕೇಳಿದ. ಆಮೇಲೆ ಮೊಣಕೈ ಊರಿ ಎದ್ದು ಕುಳಿತ. ನಾಲ್ಕು ದಿನದಲ್ಲಿ ಮೊದಲ ಸಲ ನಕ್ಕ. "ನೋಡು ಮಾರಾಯ, ದೊಡ್ಡ ಸೂಪರ್‌ವೈಸರ್! ಮೊದಲು ಆ ನರ್ಸನ್ನು ಕರಿ, ಅವಳಿಗೆ ಹೇಳಬೇಕು!" ಎಂದ. ಕರೆದೆವು. ಹೇಳಿದ. ಆ ಹುಡುಗಿ ಖುಷಿಯಿಂದ ಅತ್ತಿಗೆಯ ಕೈ ಹಿಡಿದು ಕುಲುಕಿದಳು. ಅತ್ತಿಗೆ ತಪ್ಪಿತಸ್ಥೆಯಂತೆ ನೆಲ ನೋಡುತ್ತ ನಿಂತಿದ್ದರು. ಆ ರಾತ್ರಿ ಅಣ್ಣ ಎರಡು ಇಡ್ಲಿ ಹೆಚ್ಚು ತಿಂದ.

ತಪ್ಪು ಸಿಕ್ಕಿದ ಮೇಲೆ ಅದು ಮರುಕಳಿಸದಂತೆ ಮಾಡಬೇಕೆಂಬುದು ಅವರ ಕಾರ್ಖಾನೆಯ ಪದ್ಧತಿ. ಅಣ್ಣ ಮನೆಗೆ ಬಂದ ಮೇಲೆ ಅತ್ತಿಗೆ ಹೊಸ ನಿಯಮ ತಂದರು. ಚೀಲ ಬದಲಿಸುವಷ್ಟು ಹೊತ್ತೂ ಅಣ್ಣ ಅದರ ಖಾಲಿ ಹೊದಿಕೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿರಬೇಕು. "ನೀವು ಹಿಡಿದು ನನ್ನ ಬೆರಳನ್ನೇ ನೋಡ್ತಾ ಇರಿ. ಎಲ್ಲಾದರೂ ತಾಗಿದರೆ ಹೊದಿಕೆ ಅಲ್ಲಾಡಿಸಿ. ನನ್ನದು ನನಗೇ ನಂಬಿಕೆ ಇಲ್ಲ" ಎಂದರು. ಎರಡು ಕೈಗೂ ಕೆಲಸ ಸಿಕ್ಕ ಮೇಲೆ ಒರೆಸಲು ಕೈಯೆಲ್ಲಿ? ಅಣ್ಣನಿಗೆ ಅದು ತಿಳಿಯದು. ಈಗ ಅವನು ಐದು ನಿಮಿಷ ಮೊದಲೇ ಮಾಸ್ಕ್ ಹಾಕಿ ನೆಟ್ಟಗೆ ಕುಳಿತುಕೊಳ್ಳುತ್ತಾನೆ. ಅತ್ತಿಗೆಯ, ಮಧ್ಯಾಹ್ನವಾದರೆ ನನ್ನ, ಒಂದೊಂದು ಬೆರಳನ್ನೂ ಕಣ್ಣು ಮಿಟುಕಿಸದೆ ನೋಡುತ್ತಾನೆ. ಭಾರವೆಂಬ ಮಾತು ಅವನ ಬಾಯಿಂದ ಮತ್ತೆ ಬಂದಿಲ್ಲ.

ನನಗೆ ಸಿಗಬೇಕಾದ ಬೈಗುಳ ಒಂದು ಭಾನುವಾರ ಪೂರ್ತಿ ಸಿಕ್ಕಿತು, ಅದನ್ನು ಇಲ್ಲಿ ಬರೆಯುವುದು ಬೇಡ.

ಮೊನ್ನೆ ಪುಣೆಯ ಬೀಗರು ಬಂದಿದ್ದರು. ಅಣ್ಣ ಅವರ ಮುಂದೆ ಎಂದಿನಂತೆ ಶುರುಮಾಡಿದ. "ಇವಳಿಗೆ ವಯಸ್ಸಾಯ್ತು ನೋಡಿ, ಬೆರಳು ತಾಗಿಸ್ತಾಳೆ. ನಾನು ಕೂತು ನೋಡದಿದ್ದರೆ ಇವಳಿಂದ ಆಗುವುದಿಲ್ಲ."

"ಹೌದು," ಎಂದರು ಅತ್ತಿಗೆ. "ಇವರಿಲ್ಲದಿದ್ದರೆ ನನ್ನಿಂದ ಆಗುವುದಿಲ್ಲ."

ಅಷ್ಟು ಮಾತ್ರ ಸುಳ್ಳಲ್ಲ ಎಂದು ನನಗೆ ಗೊತ್ತು.